ಪದ್ಮಮ್ಮನವರ ರಿಮೋಟು

ಟಿವಿಯಲ್ಲಿ ಎಷ್ಟು ತಲೆ ಉರುಳಿದರೂ ನನ್ನ ಕೈಯ ತುತ್ತು ಬಾಯಿಯ ದಾರಿ ತಪ್ಪುವುದಿಲ್ಲ. ಆದರೆ ನಾಯಕ ನಾಯಕಿಯ ಗಲ್ಲದ ಹತ್ತಿರ ಮುಖ ತಂದನೋ, ನನಗೆ ಮೈಯೆಲ್ಲ ಬೆವರು. ಕೆಮ್ಮು ಬರುತ್ತದೆ, ರಿಮೋಟು ಹುಡುಕುತ್ತೇನೆ, ಮಗಳನ್ನು ನೀರು ತರಲು ಅಟ್ಟುತ್ತೇನೆ. ಚನ್ನರಾಯಪಟ್ಟಣದಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ನಾನು; ಸಂತಾನೋತ್ಪತ್ತಿಯ ಪಾಠ ಬಂದಾಗ ‘ಇದನ್ನು ಮನೆಯಲ್ಲೇ ಓದಿಕೊಳ್ಳಿ’ ಎಂದು ಪುಟ ತಿರುವಿದ ಖ್ಯಾತಿಯೂ ನನ್ನದೇ. ಹುಟ್ಟೂರು ಕಟ್ಟಾಯದ ನಮ್ಮ ಮನೆಯಲ್ಲಿ ಅಪ್ಪ ಅಮ್ಮ ಒಂದೇ ಜಗುಲಿಯ ಮೇಲೆ ಕೂತದ್ದನ್ನು ಕಂಡವನಲ್ಲ. ಯುಗಾದಿಯ ಮರುದಿನದ ಹೊಸತೊಡಕಿಗೆ ಕುರಿ ಕಡಿಯುವುದನ್ನು ಮಾತ್ರ ಎಲ್ಲರಿಗಿಂತ ಮುಂದೆ ನಿಂತು ನೋಡಿದ್ದೇನೆ.

ಮೊನ್ನೆ ನಮ್ಮ ಟಿವಿ ಕೆಟ್ಟಿತು. ಭಾನುವಾರ ಮಧ್ಯಾಹ್ನ ನಾನೂ ಹತ್ತು ವರ್ಷದ ಮಗಳೂ ಕೆಳಗಿನ ಮನೆಗೆ ಹೋದೆವು. ಮನೆಯೊಡತಿ ಪದ್ಮಮ್ಮ ಜೈನರು, ಎಪ್ಪತ್ತು ದಾಟಿದವರು, ಗಂಡ ಹೋದ ಮೇಲೆ ಪಾತ್ರೆ ಅಂಗಡಿಯನ್ನು ಒಬ್ಬರೇ ನಡೆಸಿದವರು. ಸಿನಿಮಾದಲ್ಲಿ ನಾಯಕ ಮಚ್ಚು ಎತ್ತಿದ. ನಾನು ಕೋಡುಬಳೆ ಎತ್ತಿದೆ. ಪದ್ಮಮ್ಮ ಟಿವಿ ಆರಿಸಿಬಿಟ್ಟರು.

“ಅದು ಬರೀ ಬಣ್ಣದ ನೀರು ಕಣಮ್ಮ,” ಎಂದೆ.

“ಬಣ್ಣಾನೇ ಇರ್ಲಿ ಮೇಷ್ಟ್ರೇ. ಕಡಿಯೋದು ಕಣ್ಗೆ ರೂಢಿ ಆಗ್ಬುಟ್ರೆ ಕಷ್ಟ,” ಎಂದವರು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದರು.

ಅಷ್ಟರಲ್ಲಿ ಹೊಡೆದಾಟ ಮುಗಿದು, ನಾಯಕಿ ನಾಯಕನ ಗಾಯಕ್ಕೆ ಅರಿಶಿನ ಹಚ್ಚುತ್ತಿದ್ದಳು. ಮುಖಗಳು ಹತ್ತಿರವಾದವು. ನಾನು ಕೆಮ್ಮಿದೆ. “ಪುಟ್ಟಿ, ಒಂಚೂರು ನೀರು ತಗೊಂಬಾ.”

ಪದ್ಮಮ್ಮ ಪರದೆಯಿಂದ ಕಣ್ಣು ತೆಗೆಯದೆಯೇ ಹೇಳಿದರು: “ಅಡುಗೆಮನೇಲದೆ, ನೀವೇ ಓಗಿ ಕುಡ್ಕೊಳ್ಳಿ. ಮಗು ಕೂತ್ಕೊಂಡದೆ.”

ಮಗಳು ಕೇಳಿಯೇಬಿಟ್ಟಳು: “ಅಜ್ಜಿ, ಇದು ಕೆಟ್ಟದ್ದಲ್ವಾ? ಅಪ್ಪ ಯಾವಾಗ್ಲೂ ಚಾನೆಲ್ ಬದಲಾಯಿಸ್ತಾರೆ.”

“ಇಬ್ರಿಗೂ ಇಷ್ಟ ಇದ್ರೆ ಕೆಟ್ಟದ್ದೇನವ್ವ? ಬಲವಂತ ಮಾಡುದ್ರೆ ಕೆಟ್ಟದ್ದು. ಅಂಥದ್ದು ಬಂದ್ರೆ ನಾನೂ ಆರಿಸ್ತೀನಿ. ಬೆಟ್ಟದ ಮ್ಯಾಲೆ ನಮ್ ಸ್ವಾಮಿ ಬಟ್ಟೆ ಇಲ್ದೆ ನಿಂತವ್ರೆ, ನಾವು ನಾಚ್ಕೊಂಡ್ವಾ? ಅಣ್ಣನ್ನ ಹೊಡೆಯಕ್ಕೆ ಎತ್ತಿದ ಕೈಯ ಇಳಿಸ್ಬುಟ್ರಲ್ಲ, ಅದ್ಕೆ ಕೈ ಮುಗೀತೀವಿ.”

ಮಗಳು ‘ಸರಿ’ ಎಂದು ತಲೆಯಾಡಿಸಿ ಕೋಡುಬಳೆಗೆ ಕೈ ಹಾಕಿದಳು. ಬಿ.ಎಡ್. ಮಾಡಿದ ನಾನು ಇಷ್ಟು ವರ್ಷ ತಪ್ಪಿಸಿಕೊಂಡು ತಿರುಗಿದ ಪಾಠವನ್ನು, ಏಳನೆಯ ಕ್ಲಾಸೂ ಮುಗಿಸದ ಆಕೆ ಕೂತಲ್ಲೇ ಮುಗಿಸಿದ್ದರು. ಅವರ ಮೇಲೆ ನನಗೆ ಹುಟ್ಟಿದ ಗೌರವ ಅಷ್ಟಿಷ್ಟಲ್ಲ.

ನಮ್ಮ ಟಿವಿ ರಿಪೇರಿಯಾಗಿ ಬಂತು. ಮುಂದಿನ ಭಾನುವಾರ ಮಚ್ಚು ಕಂಡ ಕೂಡಲೇ ನಾನೇ ಆರಿಸಿ, ಆಮೇಲೆ ಹಾಕಿದೆ. ಪ್ರಣಯದ ದೃಶ್ಯಕ್ಕೆ ಕೆಮ್ಮಲಿಲ್ಲ, ಯಾರನ್ನೂ ಎಲ್ಲಿಗೂ ಕಳಿಸಲಿಲ್ಲ, ಕಂಬದ ಹಾಗೆ ಕೂತೆ. ಪದ್ಮಮ್ಮನವರ ಶಿಷ್ಯನಾಗಿಬಿಟ್ಟೆನೆಂದು ಒಳಗೊಳಗೇ ಬೀಗುತ್ತಿರುವಾಗ ಮಗಳು ನನ್ನ ಮೊಣಕೈ ಅಲುಗಿಸಿದಳು.

“ಅಪ್ಪ, ಮುಗೀತು. ಕಣ್ಣು ಬಿಡಿ.”