ಮ್ಯಾಟ್ರಿಕ್ಸ್ ಮಾಸ್ತರನೂ ಎರೆಭೂತವೂ

ಗಣಿತ ಮಾಡುವವರಿಗೂ ಹಕ್ಕಿ ನೋಡುವವರಿಗೂ ಒಂದೇ ಕಷ್ಟ. ನೀವೇನು ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಹೇಳಬೇಕು; ಹೇಳಿದ ಮೇಲೆ ಅವರ ಮುಖ ನೋಡಬೇಕು. ತೊಂಬತ್ತರ ದಶಕದಿಂದ ಪುಣೆಯಲ್ಲಿ ಎರಡನ್ನೂ ಮಾಡುತ್ತ ಬಂದವನು ನಾನು. ಹೀಗಾಗಿ ಇಂಥ ಪ್ರಸಂಗಗಳು ನನಗೆ ತಪ್ಪಿದ್ದೇ ಇಲ್ಲ.

ಇನ್ನೂ ಮ್ಯಾಟ್ರಿಕ್ಕು

ಪಿಎಚ್.ಡಿ. ಮಾಡಲೆಂದು ವಿಜಾಪುರದಿಂದ ಬಂದವನು ಸದಾಶಿವ ಪೇಠೆಯಲ್ಲಿ ಹತ್ತಾರು ಸಂಸಾರಗಳಿದ್ದ ಹಳೆಯ ವಾಡೆಯೊಂದರಲ್ಲಿ ಖೋಲಿ ಹಿಡಿದೆ. ಮನೆ ಮಾಲೀಕರು ಒಬ್ಬ ಅಜ್ಜಿ. ಏನು ಓದುತ್ತೀ ಎಂದು ಮರಾಠಿಯಲ್ಲಿ ಕೇಳಿದರು. ಯಂತ್ರಗಳನ್ನು ಅಂಕೆ ಮೀರದಂತೆ ಹಿಡಿತದಲ್ಲಿಡುವ ಶಾಸ್ತ್ರ ನನ್ನದು. ಅಂಕಿಗಳನ್ನು ಸಾಲುಸಾಲಾಗಿ ಚೌಕದೊಳಗೆ ಕೂರಿಸಿ ಅದರ ಲೆಕ್ಕ ಮಾಡುತ್ತಾರೆ. ಇಷ್ಟೆಲ್ಲ ಹೇಳುವಷ್ಟು ಮರಾಠಿ ಆಗ ನನ್ನ ಹತ್ತಿರ ಇರಲಿಲ್ಲ. ‘ಮ್ಯಾಟ್ರಿಕ್ಸ್’ ಎಂದು ಒಂದೇ ಮಾತಿನಲ್ಲಿ ಮುಗಿಸಿದೆ.

ಅಜ್ಜಿ ನನ್ನ ಹಣೆಯ ಮೇಲ್ಭಾಗ ನೋಡಿದರು. ಅಲ್ಲಿ ಕೂದಲು ಆಗಲೇ ಹಿಂದೆ ಸರಿದಿತ್ತು. ಈ ವಯಸ್ಸಿನಲ್ಲಾ ಎಂದು ಕೇಳಿದರು. ಇದಕ್ಕೆ ವಯಸ್ಸಿನ ಕಟ್ಟಿಲ್ಲ ಎಂದೆ. ಅವರ ಕಣ್ಣಲ್ಲಿ ಗೌರವ ಕಾಣಿಸಿತು.

ಮರುದಿನದಿಂದ ಇಡೀ ವಾಡೆಗೆ ನಾನು ಮ್ಯಾಟ್ರಿಕ್ ಪಾಸಾಗದವನು. ಹಿಂದಿನ ವರ್ಷ ಹತ್ತನೆಯ ಇಯತ್ತೆ ಮುಗಿಸಿದ್ದ ಮೊಮ್ಮಗಳು ತನ್ನ ಗೈಡುಗಳನ್ನು ತಂದುಕೊಟ್ಟಳು. ಮುಖ್ಯ ಪ್ರಶ್ನೆಗಳಿಗೆ ಗುರುತು ಹಾಕಿದ್ದಳು. ತಾಯಂದಿರು ಮಕ್ಕಳಿಗೆ ನನ್ನ ಕಿಟಕಿ ತೋರಿಸಿ, ಅವರನ್ನು ನೋಡಿ ಕಲಿಯಿರಿ, ಎಷ್ಟು ಸಲ ಬಿದ್ದರೂ ಬಿಟ್ಟಿಲ್ಲ ಎನ್ನುತ್ತಿದ್ದರು.

ವರ್ಷಗಳ ಮೇಲೆ ಪಿಎಚ್.ಡಿ. ಆಯಿತೆಂದು ಪೇಢೆ ತೆಗೆದುಕೊಂಡು ಆ ವಾಡೆಗೆ ಹೋದೆ. ಪಾಸಾದೆ ಎಂದೆ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಕೇಳಿದರು: ‘ಇನ್ನು ಮುಂದೆ ಸೈನ್ಸ್ ತಗೋತೀಯೋ, ಕಾಮರ್ಸೋ?’

ಕಂಟ್ರೋಲ್

ಪಿಎಚ್.ಡಿ. ಮುಗಿಯುವ ಮೊದಲೇ ಲಗ್ನವಾಗಿ ಕೋಥರೂಡಿನಲ್ಲಿ ಫ್ಲ್ಯಾಟ್ ಹಿಡಿದೆವು. ಅಲ್ಲಿ ಮ್ಯಾಟ್ರಿಕ್ಸ್ ಎನ್ನುವ ತಪ್ಪು ಮಾಡಲಿಲ್ಲ. ನೆರೆಯವರು ಕೇಳಿದಾಗ ‘ಕಂಟ್ರೋಲ್’ ಎಂದೆ. ರೇಶನ್ ಅಂಗಡಿಯನ್ನು ಹಿರಿಯರು ಇನ್ನೂ ಕಂಟ್ರೋಲ್ ಎಂದೇ ಕರೆಯುತ್ತಿದ್ದರು ಎನ್ನುವುದು ನೆನಪಿಗೆ ಬಂದದ್ದು ದೀಪಾವಳಿಗೆ, ಎದುರು ಮನೆಯವರು ಖಾಲಿ ಡಬ್ಬಿ ಹಿಡಿದುಕೊಂಡು ಬಂದು ಸೀಮೆಎಣ್ಣೆ ಕೇಳಿದಾಗ.

ನಮ್ಮಲ್ಲಿ ಸೀಮೆಎಣ್ಣೆ ಬರುವುದಿಲ್ಲ, ಸಮೀಕರಣ ಮಾತ್ರ ಎಂದೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ. ಹಿಂದಿನ ಅಂಗಡಿಯವನೂ ಹೀಗೇ ಏನೇನೋ ಹೇಳುತ್ತಿದ್ದ ಎಂದು ಡಬ್ಬಿ ಎತ್ತಿಕೊಂಡು ಹೋದರು.

ಭೂತ ತಿಂದವರು

ಹಕ್ಕಿಯ ಹುಚ್ಚು ನನ್ನದಲ್ಲ, ಹೆಂಡತಿಯದು. ಆಕೆ ಉಡುಪಿ ಕಡೆಯವಳು. ಮಾವನವರಿಗೆ ಪುಣೆಯಲ್ಲಿ ಹೋಟೆಲು. ಭಾನುವಾರ ಬಂತೆಂದರೆ ಆಕೆ ದುರ್ಬೀನು ಕೊರಳಿಗೆ ಹಾಕಿಕೊಂಡು, ನನ್ನ ಕೈಗೆ ನೀರಿನ ಬಾಟಲಿ ಕೊಟ್ಟು ಹೊರಡುತ್ತಿದ್ದಳು. ಇಂದಾಪುರ ದಾಟಿ ಸೋಲಾಪುರದ ಕಡೆ ಹೋದರೆ ಒಣ ಹುಲ್ಲುಗಾವಲು. ಅಲ್ಲಿ ಒಂದು ದೊಡ್ಡ ಹಕ್ಕಿ ಅಳಿವಿನಂಚಿನಲ್ಲಿದೆ. ಮರಾಠಿಯಲ್ಲಿ ಮಾಳಢೋಕ. ನಮ್ಮ ಕಡೆ ಅದಕ್ಕೆ ಎರೆಭೂತ ಎನ್ನುತ್ತಾರೆ.

ಒಂದು ಶನಿವಾರ ಅತ್ತೆ ಮನೆಗೆ ಬಂದಿದ್ದರು. ನಾಳೆ ಎಲ್ಲಿಗೆ ಎಂದು ಕೇಳಿದರು. ಎರೆಭೂತ ನೋಡಲಿಕ್ಕೆ ಎಂದೆ. ಕರಾವಳಿಯವರ ಮುಂದೆ ಭೂತವೆಂದರೆ ತಮಾಷೆಯ ಮಾತಲ್ಲ ಎನ್ನುವುದು ನನಗೆ ಹೊಳೆಯಲಿಲ್ಲ.

‘ಭೂತದ ಹತ್ತಿರ ಬರಿಗೈಯಲ್ಲಿ ಹೋಗುವುದುಂಟಾ?’ ಎಂದು ಅತ್ತೆ ತೆಂಗಿನಕಾಯಿ, ಎಲೆ, ಅಡಿಕೆ ಒಂದು ಚೀಲಕ್ಕೆ ತುಂಬಿದರು. ತುಂಬುತ್ತ, ಅಲ್ಲಿ ಎಷ್ಟು ಭೂತ ಉಂಟು ಎಂದು ವಿಚಾರಿಸಿದರು. ಈಗ ಬೆರಳೆಣಿಕೆಯಷ್ಟು, ಮೊದಲು ಬೇಕಾದಷ್ಟಿದ್ದವು, ಜನ ಹೊಡೆದು ತಿಂದುಬಿಟ್ಟರು ಎಂದು ಹೆಂಡತಿ ಒಳಗಿನಿಂದ ಹೇಳಿದಳು.

ಅತ್ತೆಯ ಕೈ ನಿಂತಿತು. ಎದ್ದು ಹೋಟೆಲಿಗೆ ಫೋನ್ ಮಾಡಿ ಮಾವನವರಿಗೆ ಮೆಲುದನಿಯಲ್ಲಿ ಹೇಳಿದರು: ‘ಈ ಊರಿನವರು ಭೂತವನ್ನೇ ತಿಂದವರಂತೆ ಮಾರಾಯ್ರೆ. ಇನ್ನು ಮೇಲೆ ಸಾಂಬಾರ್ ಸರಿ ಇಲ್ಲ ಅಂತ ಯಾರಾದರೂ ಹೇಳಿದರೆ ವಾದ ಬೇಡ, ಬದಲು ಕೊಟ್ಟುಬಿಡಿ.’

ಮೈನಸ್ ನಾಲ್ಕು

ನಮ್ಮ ಹಕ್ಕಿ ಗೆಳೆಯರು ಎರೆಭೂತಗಳ ಎಣಿಕೆಯ ಅಂಕಿಗಳನ್ನು ನನಗೆ ಕೊಟ್ಟರು. ಕಂಡ ಹಕ್ಕಿಗಳ ಲೆಕ್ಕದಿಂದ ಕಾಣದ ಹಕ್ಕಿಗಳನ್ನು ಅಂದಾಜು ಮಾಡುವುದು ಕೆಲಸ. ಯಂತ್ರದ ಹೊರಗಿನ ಮೀಟರಿನ ಮುಳ್ಳು ನೋಡಿ ಒಳಗಿನ ಸ್ಥಿತಿ ಹೇಳಿದ ಹಾಗೆಯೇ. ನಾನು ಸಂತೋಷದಿಂದ ಮ್ಯಾಟ್ರಿಕ್ಸ್ ಕಟ್ಟಿದೆ.

ಕೆಲವು ಮ್ಯಾಟ್ರಿಕ್ಸುಗಳ ಸ್ವಭಾವ ಸರಿ ಇರುವುದಿಲ್ಲ. ಬೀಗರಿದ್ದ ಹಾಗೆ, ನಮ್ಮ ಕಡೆಯಿಂದ ಎಳ್ಳಷ್ಟು ತಪ್ಪಾದರೂ ಗುಡ್ಡದಷ್ಟು ಮಾಡಿ ತೋರಿಸುತ್ತವೆ. ನನ್ನದು ಆ ಜಾತಿಯದು. ಕಂಪ್ಯೂಟರು ಎರಡು ತಾಸು ಗುರುಗುಟ್ಟಿ ಮರಿ ಗಂಡುಗಳ ಸಂಖ್ಯೆ ಮೈನಸ್ ನಾಲ್ಕು ಎಂದಿತು. ತಿದ್ದುವಷ್ಟು ಹೊತ್ತಿರಲಿಲ್ಲ. ವರದಿ ಕೇಳಿದ್ದ ಅರಣ್ಯ ಅಧಿಕಾರಿಗಳ ಮುಂದೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಇಟ್ಟೆ.

ಅಧಿಕಾರಿಗಳು ಕನ್ನಡಕ ಏರಿಸಿ ನೋಡಿದರು. ನಿಮ್ಮ ಊರು ಯಾವುದು ಎಂದು ಕೇಳಿದರು. ವಿಜಾಪುರ ಎಂದೆ. ಅವರಿಗೆ ಎಲ್ಲ ಸ್ಪಷ್ಟವಾಯಿತು.

‘ಹಾಗಾದರೆ ನಾಲ್ಕು ಹಕ್ಕಿ ಗಡಿ ದಾಟಿ ನಿಮ್ಮ ಕಡೆ ಹೋಗಿವೆ ಅಂತಲ್ಲವೇ?’ ಎಂದರು ಮರಾಠಿಯಲ್ಲಿ. ‘ಮೊದಲು ಅವನ್ನು ವಾಪಸು ಕಳಿಸಿ. ಬೆಳಗಾವಿ ವಿಷಯ ಆಮೇಲೆ ಮಾತಾಡೋಣ.’

ಹುಲ್ಲುಗಾವಲಿನಲ್ಲಿ ಪಾಠ

ನನ್ನ ಪಿಎಚ್.ಡಿ. ಗೈಡ್ ಧಾರವಾಡದ ಕಡೆಯವರು. ಬಹಳ ದೊಡ್ಡ ವಿದ್ವಾಂಸರು. ಅವರಿಗಿದ್ದ ದೋಷ ಒಂದೇ: ನಡುವೆ ಯಾರಾದರೂ ಬಾಯಿ ಹಾಕಿದರೆ ಮೊದಲಿನಿಂದ ಶುರು ಮಾಡುತ್ತಿದ್ದರು. ಪಿಎಚ್.ಡಿ. ಆಗ ಇನ್ನೂ ಆಗಿರಲಿಲ್ಲ; ನನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯ ಅವರಿಗೆ ಒಪ್ಪಿಗೆಯಾಗದೆ ಸಹಿ ನಿಂತುಹೋಗಿತ್ತು. ಊರ ಹೊರಗೆ ಕರೆದುಕೊಂಡು ಹೋದರೆ ಮನಸ್ಸು ಸ್ವಲ್ಪ ಹಗುರಾದೀತು ಎಂದು ಹೆಂಡತಿ ಅವರನ್ನು ಎರೆಭೂತ ನೋಡಲು ಕರೆದಳು. ಅವರೂ ಖುಷಿಯಿಂದ ಹೊರಟರು. ಚಿಕ್ಕಂದಿನಲ್ಲಿ ಅಜ್ಜನ ಹೊಲದಲ್ಲಿ ಒಮ್ಮೆ ನೋಡಿದ್ದರಂತೆ. ಸಾಯುವುದರೊಳಗೆ ಇನ್ನೊಮ್ಮೆ ನೋಡಬೇಕು ಎಂದು ಬಸ್ಸಿನಲ್ಲಿ ಹೇಳಿದರು.

ಹೆಂಡತಿ ಎರಡು ವರ್ಷದಿಂದ ಹೋಗಿ ಬರುತ್ತಿದ್ದರೂ ಅವಳಿಗೆ ಒಂದೂ ಕಂಡಿರಲಿಲ್ಲ.

ಬೆಳಿಗ್ಗೆ ಜಾಲಿಗಿಡದ ಮರೆಯಲ್ಲಿ ಕೂತೆವು. ಅಲುಗಾಡಬಾರದು, ಅಲುಗಾಡಿದರೆ ಹಕ್ಕಿ ಹಾರಿಹೋಗುತ್ತದೆ ಎಂದು ಹೆಂಡತಿ ಹೇಳಿದ್ದಳು. ಮೆಲ್ಲಗೆ ಮಾತಾಡಬಹುದೇನು ಎಂದು ಸರ್ ಕೇಳಿದರು. ಮೆಲ್ಲಗೆ ಆದರೆ ಪರವಾಗಿಲ್ಲ ಎಂದುಬಿಟ್ಟಳು. ಅವರು ನಮ್ಮ ಕಡೆ ತಿರುಗಿ, ಹುಲ್ಲುಗಾವಲಿಗೆ ಬೆನ್ನು ಹಾಕಿ, ನಾಲ್ಕನೆಯ ಅಧ್ಯಾಯ ತೆಗೆದರು.

‘ಒಳಗ ಏನ್ ನಡದದ ಅದು ಹೊರಗ ಕಾಣಬೇಕ್ರಿ,’ ಎಂದರು. ‘ಕಾಣಲಿಲ್ಲಂದ್ರ ಅದು ಇದ್ದೂ ಇಲ್ಲದಂಗ.’

ಆಗ ಅವರ ಬೆನ್ನ ಹಿಂದೆ, ಕಲ್ಲೆಸೆತದ ದೂರದಲ್ಲಿ, ಎರೆಭೂತ ಬಂತು.

ಹುಲ್ಲಿನೊಳಗಿಂದ ಮೊದಲು ಕರಿ ಟೊಪ್ಪಿಗೆ ಹಾಕಿದಂಥ ತಲೆ, ಆಮೇಲೆ ಉದ್ದನೆಯ ಬಿಳಿ ಕೊರಳು. ಲಗ್ನದ ಮನೆಗೆ ಬಂದ ಹಿರಿಯರಂತೆ ಒಂದೊಂದೇ ಹೆಜ್ಜೆ ಇಟ್ಟು ಬಂದು ನಿಂತಿತು. ಹೆಂಡತಿ ನನ್ನ ಮುಂಗೈ ಹಿಡಿದಳು. ಹೇಳೋಣವೆಂದರೆ ಸರ್ ತಟ್ಟನೆ ತಿರುಗುತ್ತಾರೆ, ಹಕ್ಕಿ ಹಾರುತ್ತದೆ. ಮೇಲೆ ಅಧ್ಯಾಯವೂ ಮೊದಲಿನಿಂದ ಶುರುವಾಗುತ್ತದೆ. ನಾವಿಬ್ಬರೂ ಉಸಿರು ಬಿಗಿಹಿಡಿದು ಅವರ ಹೆಗಲ ಮೇಲಿಂದ ನೋಡುತ್ತ ಕೂತೆವು.

ಇಷ್ಟು ಗಮನವಿಟ್ಟು ಕೇಳುವವರನ್ನು ಸರ್ ಕಂಡಿರಲಿಲ್ಲವೆಂದು ಕಾಣುತ್ತದೆ. ಅವರಿಗೆ ಹುಮ್ಮಸ್ಸು ಬಂತು. ಹೆಂಡತಿಯ ಕಣ್ಣಲ್ಲಿ ನೀರು ನೋಡಿ ದನಿ ಇನ್ನೂ ಮೃದು ಮಾಡಿಕೊಂಡು, ಕಷ್ಟದ ಭಾಗವನ್ನು ಅವಳಿಗೋಸ್ಕರ ಬಿಡಿಸಿ ಹೇಳಿದರು. ಹಕ್ಕಿ ರೆಕ್ಕೆ ಕೊಡವಿತು, ಮಿಡತೆ ತಿಂದಿತು, ಕತ್ತು ಎತ್ತಿ ನಮ್ಮ ಕಡೆಯೇ ನೋಡುತ್ತ ನಿಂತಿತು. ಸರ್ ಕೊನೆಯ ಸೂತ್ರ ಹೇಳಿ ಮುಗಿಸಿ ಕೈ ಕೊಡವಿಕೊಂಡರು. ಅಷ್ಟಕ್ಕೆ ಅದು ನಾಲ್ಕು ಹೆಜ್ಜೆ ಓಡಿ, ಭಾರವಾಗಿ ಮೇಲೆದ್ದು, ದಿಬ್ಬದಾಚೆ ಹೋಯಿತು.

ಹೆಂಡತಿಗೆ ಸುಳ್ಳು ಬರುವುದಿಲ್ಲ. ‘ಸರ್, ಎರೆಭೂತ ಬಂದಿತ್ತು. ನಿಮ್ಮ ಹಿಂದೆಯೇ ನಿಂತಿತ್ತು,’ ಎಂದಳು.

ಸರ್ ತಿರುಗಿದರು. ಬರೀ ಹುಲ್ಲು. ಕೈ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ಆ ಕಡೆಯೇ ನೋಡುತ್ತ ನಿಂತರು. ನಾನು ಚೀಲದ ಗುಂಡಿ ಹಾಕಿದೆ, ಬಿಚ್ಚಿದೆ.

‘ಎಷ್ಟೊತ್ತು ನಿಂತಿತ್ತು?’ ಎಂದು ಕೊನೆಗೆ ಕೇಳಿದರು.

‘ನೀವು ಮುಗಿಸುವ ತನಕ, ಸರ್,’ ಎಂದಳು ಹೆಂಡತಿ.

ಅವರು ನಿಧಾನಕ್ಕೆ ನನ್ನ ಕಡೆ ತಿರುಗಿದರು.

‘ಅಂದ್ರ ಅದು ಪೂರ್ತಿ ಕೇಳೇದ,’ ಎಂದರು. ‘ಇನ್ನ ನಾಲ್ಕನೇ ಅಧ್ಯಾಯ ತಿಳಿಯೂದು ನಿಮಗೊಬ್ಬರಿಗೇ ಉಳೀತು ನೋಡ್ರಿ.’