ಎಡಗೈಗೊಂದು ಜಪಾನಿ ಚಾಕು

ನಾನು ನಿಂತಿದ್ದದ್ದು ಸೇಲಂನಲ್ಲಿ, ನಮ್ಮ ಸೋದರಮಾವನ ಅಡುಗೆಮನೆಯ ಬಾಗಿಲಲ್ಲಿ, ಹೊಸ್ತಿಲಿನ ಈಚೆ. ಆಯುಧ ಪೂಜೆಯ ಬೆಳಗ್ಗೆ. ಮಂಗಳಾರತಿ ಆಗಿತ್ತು, ತಿಂಡಿ ಇನ್ನೂ ಆಗಿರಲಿಲ್ಲ. ಇಷ್ಟು ಖಚಿತವಾಗಿ ಏಕೆ ಹೇಳುತ್ತೇನೆಂದರೆ, ಅಲ್ಲಿ ಕಂಡದ್ದನ್ನು ನಂಟರಲ್ಲಿ ಯಾರೂ ಮೊದಲು ನಂಬಲಿಲ್ಲ. ಕೆಲವೊಮ್ಮೆ ನಾನೇ ನಂಬುವುದಿಲ್ಲ!

ಮೊದಲು ಮಾವನ ಸಮಾಚಾರ. ಈ ಮನುಷ್ಯ ಮದುವೆಗೆ ಹೆಣ್ಣು ನೋಡಿ ಒಪ್ಪಿದ್ದು ಒಂದು ಲೋಟ ಕಾಫಿ ಆರುವುದರೊಳಗೆ. ಅಡುಗೆಮನೆಗೆ ಒಂದು ಚಾಕು ನೋಡಿ ಒಪ್ಪಲು ಯುಗಾದಿಯಿಂದ ಆಯುಧ ಪೂಜೆಯವರೆಗೆ ಬೇಕಾಯಿತು. ಅದೂ ಎಂಥ ಚಾಕು? ಜಪಾನಿನದೇ ಆಗಬೇಕು, ಬೆಲೆ ಮಾತ್ರ ಪಾಲಕೋಡ್ ಸಂತೆಯದಾಗಬೇಕು!

ಇನ್ನು ಎಡಗೈ ಎಂದರೆ ಅವರಿಗೆ ಆಗುತ್ತಿರಲಿಲ್ಲ. ಕಂಬೈನಲ್ಲೂರಿನ ಒಂದು ಮದುವೆಯಲ್ಲಿ ಬಡಿಸುವವನು ಎಡಗೈಯಲ್ಲಿ ಉಪ್ಪು ಹಾಕಿದನೆಂದು ಎಲೆ ಬಿಟ್ಟು ಎದ್ದವರು. ಪಾಯಸ ಇನ್ನೂ ಬಂದಿರಲಿಲ್ಲ, ನೆನಪಿರಲಿ!

ಚಾಕು ಬೇಕಾದದ್ದು ಅತ್ತೆಗಾಗಿ. ಪಾರ್ಶ್ವವಾಯು ಬಡಿದು ಅವರ ಬಲಗೈ ಬೆರಳುಗಳು ಮಡಚದಾದವು. ಈಳಿಗೆಮಣೆ ಮೂಲೆ ಸೇರಿತು, ಅಡುಗೆಗೆ ಸೆಲ್ವಿ ಬಂದಳು. ಎಡಗೈ ಚೆನ್ನಾಗಿದೆ, ಅದರಲ್ಲೇ ಕೆಲಸ ಮಾಡಿಸಿ ಎಂದು ಡಾಕ್ಟರು ಹೇಳಿದರು. ಅತ್ತೆ ಒಪ್ಪಲಿಲ್ಲ.

"ಎಡಗೈ ಅಡಿಗೆ ಯಾರಿಗಿಕ್ಲಿ? ಉಪ್ಪಿಗೇ ಎದ್ದೋಗೋರು ಮನೇಲವ್ರೆ" ಎಂದು ಗೋಡೆ ಕಡೆ ತಿರುಗಿ ಮಲಗಿದರು. ದಿನವೂ ಹಾಗೇ. ಊಟವನ್ನೂ ಸೆಲ್ವಿಯೇ ಚಮಚದಲ್ಲಿ ತಿನ್ನಿಸಬೇಕಾಯಿತು. ನೋಡನೋಡುತ್ತ ಅತ್ತೆ ಅರ್ಧವಾದರು.

ಮಾವ ಚಾಕುವಿನ ಬೇಟೆಗೆ ಹೊರಟಾಗ ಅತ್ತೆಯ ಅಕ್ಕ, ಪಾಲಕೋಡಿನ ಸಾವಿತ್ರಕ್ಕ, ನಕ್ಕೇಬಿಟ್ಟರು. "ಉಕ್ಕು ಕಾಸೋ ಊರಲ್ಲಿ ಕುಂತ್ಕಂಡು ಜಪಾನ್ ಕತ್ತಿ ಬೇಕಂತೆ. ನಾಳೆ ಏರ್ಕಾಡ್ ಕಾಫಿತೋಟದೋರು ಕಾಫಿಪುಡಿ ಕೇಳ್ಕಂಡು ನಿಮ್ಮನೆಗೆ ಬತ್ತಾರೆ ಬಿಡಿ."

ಕಡೈವೀದಿಯ ಪಾತ್ರೆ ಅಂಗಡಿಗೆ ಮಾವ ನನ್ನನ್ನೂ ಎಳೆದೊಯ್ದರು. ಚೀಲದಿಂದ ಹಣ್ಣು ಟೊಮ್ಯಾಟೊ ತೆಗೆದು, ಚಾಕುವನ್ನು ಎಡಗೈಯಲ್ಲಿ ಹಿಡಿದು ಕುಯ್ದರು. ಅಂಗಡಿಯವನು ಕಣ್ಣರಳಿಸಿ "ಪೀಚಾಂಗೈಲಾ ಸಾರ್?" ಎಂದ. ಎಡಗೈಗೆ ತಮಿಳಿನಲ್ಲಿ ಇದಕ್ಕಿಂತ ಹೀನವಾದ ಮಾತು ನನಗೆ ಗೊತ್ತಿಲ್ಲ. ಮಾವ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದಕ್ಕೆ ಒಂದೇ ಬದಿ ಸಾಣೆ, ಬಲಗೈಯವರಿಗೆ ಮಾತ್ರ ನೆಟ್ಟಗೆ ಕುಯ್ಯುತ್ತದೆ, ಬೇಡ. ಇನ್ನೊಂದರ ಹಿಡಿಯೇ ಬಲಗೈಗೆಂದು ಕಡೆದದ್ದು, ಬೇಡ. ಮತ್ತೊಂದು ಬಲು ಹರಿತ, ಆದರೆ ಒದ್ದೆ ಬಿಟ್ಟರೆ ತುಕ್ಕು. "ಒಂದು ಕೈಲಿ ತೊಳ್ದು ಇನ್ನೊಂದ್ರಲ್ಲಿ ಒರ್ಸಕ್ಕೆ ಅವಳಿಗೆ ಎಷ್ಟು ಕೈ ಐತೆ?" ಎಂದು ಅಂಗಡಿಯವನನ್ನೇ ಕೇಳಿದರು. ಪಾಪ, ಅವನು ಇನ್ನೊಂದು ಚಾಕು ತೆಗೆದಿಟ್ಟ!

ಇಂಥ ಭೇಟಿಗಳು ಎಷ್ಟೋ ಆದವು. ಕೊನೆಗೆ ಒಪ್ಪಿಗೆಯಾದದ್ದು ಎರಡೂ ಬದಿ ಸಮ ಸಾಣೆಯ, ಹಗುರವಾದ, ತುಕ್ಕು ಹಿಡಿಯದ ಒಂದು ಸಾದಾ ಚಾಕು. ಅಂಗಡಿಯಲ್ಲಿದ್ದ ಜಪಾನಿ ಚಾಕುಗಳಲ್ಲೆಲ್ಲ ಅಗ್ಗದ್ದು. ಅಷ್ಟರಲ್ಲಿ ಮಾವನ ಎರಡೂ ಕೈಗಳಿಗೆ ಬ್ಯಾಂಡೇಜು ಬಂದು ಹೋಗಿತ್ತು.

ಪೂಜೆಯ ದಿನ ಈಳಿಗೆಮಣೆಯ ಪಕ್ಕದಲ್ಲಿ ಚಾಕುವಿಗೂ ಅರಿಶಿನ, ಕುಂಕುಮ, ಒಂದು ಸೇವಂತಿಗೆ. ಆಮೇಲೆ ಅತ್ತೆಯನ್ನು ಅಡುಗೆಕಟ್ಟೆಯ ಮುಂದೆ ಸ್ಟೂಲಿನ ಮೇಲೆ ಕೂರಿಸಿದರು. ಹರಿತವಾದದ್ದನ್ನು ನಮ್ಮಲ್ಲಿ ಕೈಯಿಂದ ಕೈಗೆ ಕೊಡುವಂತಿಲ್ಲ, ಮನಸ್ತಾಪವಾಗುತ್ತದೆ. ಮಾವ ಚಾಕುವನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದರು. ಎತ್ತಿಕೊಳ್ಳಬೇಕಾದವರು ಅತ್ತೆಯೇ.

ಅತ್ತೆಯ ಎಡಗೈ ಸ್ವಲ್ಪ ಮುಂದೆ ಬಂತು. ಹಬ್ಬಕ್ಕೆಂದು ಬಂದಿದ್ದ ಸಾವಿತ್ರಕ್ಕನಿಗೆ ಬಾಯಿ ತಡೆಯಲಿಲ್ಲ. "ಅಬ್ಬದ ದಿನ ಎಡಗೈಲಾ?" ಎಂದರು. ಕೈ ಹಿಂದಕ್ಕೆ ಹೋಗಿ ಸೆರಗಿನೊಳಗೆ ಸೇರಿಕೊಂಡಿತು.

ಮಾವ ನೆಲದ ಮೇಲೆ ಕುಳಿತರು. ಎಲೆ ಹಾಕಲು ಸೆಲ್ವಿಗೆ ಹೇಳಿದರು. ಅವಳು ಪೊಂಗಲ್ ಬಡಿಸಿದಳು. ಮಾವ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಎಡಗೈಯಲ್ಲಿ ಕಲಸಿದರು. ಎಡಗೈಯಲ್ಲಿ ತುತ್ತು ಎತ್ತಿ ಬಾಯಿಗಿಟ್ಟರು.

ಸೆಲ್ವಿಯ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಅಭ್ಯಾಸವಿಲ್ಲದ ಕೈ, ಅರ್ಧ ಪೊಂಗಲ್ ಗಲ್ಲಕ್ಕೆ ಮೆತ್ತಿಕೊಂಡಿತು. ಮಾವ ಒರೆಸಿಕೊಳ್ಳಲಿಲ್ಲ.

"ಇನ್ಮೇಲೆ ಈ ಮನೇಲಿ ಊಟದ ಕೈ ಇದೇ" ಎಂದರು. ಆಮೇಲೆ ಅತ್ತೆಯ ಕಡೆ ನೋಡಿ, ಮೆಲ್ಲಗೆ, "ಟೊಮ್ಯಾಟೊ ಕುಯ್ಯಿ. ಚಟ್ನಿ ಇಲ್ದೆ ಇಳೀತಿಲ್ಲ."

ಅತ್ತೆ ಚಾಕು ಎತ್ತಿಕೊಂಡರು. ಮಡಚದ ಬಲಗೈಯನ್ನು ಟೊಮ್ಯಾಟೊಗೆ ಆನಿಸಿ, ಎಡಗೈಯಿಂದ ಒಮ್ಮೆ ಎಳೆದರು. ಹಣ್ಣು ಸದ್ದಿಲ್ಲದೆ ಎರಡಾಯಿತು.

ಮಾವ ಮತ್ತೆ ಬಲಗೈಯಲ್ಲಿ ಉಣ್ಣಲೇ ಇಲ್ಲ. ಮದುವೆಮನೆಗಳಲ್ಲಿ ಬಡಿಸುವವರು ಅವರ ಎಲೆಯ ಮುಂದೆ ಬಂದು ಹೌಹಾರುತ್ತಿದ್ದರು!

ಹೋದ ವರ್ಷ ಅವರು ತೀರಿಕೊಂಡರು. ಆ ಬೆಳಗ್ಗೆ ಕಣ್ಣಾರೆ ಕಂಡು ಈಗಲೂ ಬದುಕಿರುವವರು ಇವರು: ನಾನು, ಸೆಲ್ವಿ, ತಂಗಿಯ ಮನೆಗೆ ಬಂದಾಗಲೆಲ್ಲ ಚಟ್ನಿಯನ್ನು ಮತ್ತೊಮ್ಮೆ ಹಾಕಿಸಿಕೊಳ್ಳುವ ಸಾವಿತ್ರಕ್ಕ, ಮತ್ತೆ, ಆ ಚಟ್ನಿಗೆ ಎಡಗೈಯಲ್ಲಿ ಟೊಮ್ಯಾಟೊ ಹೆಚ್ಚುವ ನಮ್ಮ ಅತ್ತೆ.