ವಿಮಾನಕ್ಕೆ ಕುಂಕುಮವಿಟ್ಟ ಮಧ್ಯಾಹ್ನ

ಯಾರಾದರೂ ಬೈದರೆ ನನಗೆ ಬರುವ ಸಿಟ್ಟು ಅಷ್ಟು ದೊಡ್ಡದೇನಲ್ಲ. ಹಿತ್ತಲಿಗೆ ಹೋಗಿ ನಾಲ್ಕು ಬಿಂದಿಗೆ ತಿಕ್ಕಿದರೆ ಬಿಂದಿಗೆಯ ಕಿಲುಬಿನ ಜೊತೆಗೆ ಅದೂ ತೊಳೆದುಹೋಗುತ್ತದೆ. ಆದರೆ ನಾನು ಮಾಡದ ಕೆಲಸಕ್ಕೆ, ಅದರಲ್ಲೂ ಮಾಡಲಾಗದೆ ಒದ್ದಾಡಿದ ಕೆಲಸಕ್ಕೆ, ಯಾರಾದರೂ ಹೊಗಳಿದರೆ ಆ ಉರಿ ಮಾತ್ರ ಆರುವುದಿಲ್ಲ. ಬೈದವರೊಡನೆ ಜಗಳವಾಡಬಹುದು. ಹೊಗಳಿದವರೊಡನೆ, ಅದೂ ಅವರು ಅತ್ತೆಯಾಗಿದ್ದರೆ, ಏನೆಂದು ಜಗಳವಾಡುವುದು? ದಸರೆ ಕಳೆದ ವಾರದಿಂದ ಬಸವನಗುಡಿಯ ನಮ್ಮ ಮನೆಯಲ್ಲಿ ನಾನು ಈ ಉರಿಯನ್ನು ಹೊತ್ತುಕೊಂಡೇ ಒಗ್ಗರಣೆ ಹಾಕುತ್ತಿದ್ದೇನೆ.

ಎಲ್ಲಕ್ಕೂ ಮೂಲ ನಮ್ಮ ಪದ್ಮನ ಶಾಲೆಯ ವಿಷಯ. ನಾನು ಓದಿದ ದಂಡುಪ್ರದೇಶದ ಕಾನ್ವೆಂಟಿಗೇ ಮಗಳನ್ನೂ ಸೇರಿಸಬೇಕೆಂದು ನನ್ನ ಆಸೆ. ನಮ್ಮವರು ಕಚೇರಿಯಲ್ಲಿ ಊರವರ ಅರ್ಜಿಗಳ ಮೇಲೆಲ್ಲ ಷರಾ ಬರೆಯುತ್ತಾರೆ, ಮನೆಯ ಅರ್ಜಿಗೆ ಮಾತ್ರ ಅವರದು ಒಂದೇ ಷರಾ, "ಅಮ್ಮನ್ನ ಕೇಳು." ಅಮ್ಮನನ್ನು, ಅಂದರೆ ನನ್ನ ಅತ್ತೆಯವರನ್ನು, ಕೇಳಿದರೆ ಅವರು ತಿರುಗಿ ನನ್ನನ್ನೇ ಕೇಳುತ್ತಿದ್ದರು: ನೀನು ಅಲ್ಲಿ ಓದಿದ್ದರಿಂದ ಈ ಮನೆಗೆ ಏನು ಬಂತು? ಉತ್ತರವಾಗಿ ತೋರಿಸಲು ನನ್ನ ಬಳಿ ಇದ್ದದ್ದು ಮಾವನವರ ದಿಂಬಿಗೆ ಹೆಣೆದ ಲೇಸು ಒಂದೇ. ಅದೂ ಬೆಳಗ್ಗೆ ಮಾವನವರ ಕೆನ್ನೆಯ ಮೇಲೆ ಹೂವಾಗಿ ಅಚ್ಚೊತ್ತಿಕೊಂಡು, ಅವರು ವಿಭೂತಿ ಹಚ್ಚಿದ ಮೇಲೂ ಮಾಸದೆ ನನ್ನ ಮಾನ ಕಳೆಯುತ್ತಿತ್ತು.

ಅಷ್ಟರಲ್ಲಿ ಊರಿಗೆ ಪ್ರದರ್ಶನವೊಂದು ಬಂತು. ಮಹಾಯುದ್ಧಕ್ಕೆ ಹೋಗಿ ಬಂದ ವಿಮಾನ, ಮೋಟಾರುಗಳು ಹುಟ್ಟಿದ ಕಾಲದ ಮೋಟಾರುಗಳು, ಎಲ್ಲವನ್ನೂ ಮೈದಾನದ ತಗಡಿನ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದಾರಂತೆ. ಶುಕ್ರವಾರ ಮಧ್ಯಾಹ್ನ ಹೆಂಗಸರಿಗೆ ಮಾತ್ರವಂತೆ. ಈ ಸುದ್ದಿ ತಂದವರು ಅತ್ತೆಯವರೇ. "ಅಲ್ಲೆಲ್ಲ ಇಂಗ್ಲಿಷಲ್ಲೇ ಬರೆದು ನೇತುಹಾಕಿದಾರಂತೆ ಕಣೇ. ನೀನು ಓದಿ ಹೇಳು, ನಾನು ಕೇಳ್ತೀನಿ. ಪದ್ಮನ ವಿಷಯ ಆಮೇಲೆ ನೋಡೋಣ," ಎಂದರು. ನಾನು ಹಿಗ್ಗಿದೆ. ಕಾನ್ವೆಂಟಿನಲ್ಲಿ ಓದಿಗೆ ಬಹುಮಾನ ಪಡೆದವಳು ನಾನು.

ಆ ಹಿಗ್ಗು ಮೊದಲನೆಯ ಮೋಟಾರಿನ ಮುಂದೆಯೇ ಇಳಿಯಿತು. ಬೋರ್ಡಿನಲ್ಲಿದ್ದ ಒಂದೊಂದು ಮಾತನ್ನೂ ನಾನು ಸ್ಪಷ್ಟವಾಗಿ ಓದಿದೆ. ಒಂದರ ಅರ್ಥವೂ ನನಗೆ ಗೊತ್ತಿರಲಿಲ್ಲ. ಮ್ಯಾಗ್ನೆಟೋ ಎಂದರೆ ಏನು? ಸಿಲಿಂಡರ್ ಎಂದರೆ ಏನು? ಬಿಷಪ್ಪರಿಗೆ ಕಾಗದ ಬರೆಯುವಾಗ ಹೇಗೆ ಸಂಬೋಧಿಸಬೇಕು, ಪುಡ್ಡಿಂಗನ್ನು ಯಾವ ಚಮಚದಿಂದ ತಿನ್ನಬೇಕು ಎಂದು ವರ್ಷಗಟ್ಟಲೆ ಕಲಿಸಿದ ಸಿಸ್ಟರುಗಳಿಗೆ, ಮುಂದೊಂದು ದಿನ ಈ ಹುಡುಗಿ ಅತ್ತೆಯ ಜೊತೆ ಮೋಟಾರಿನ ಮುಂದೆ ನಿಲ್ಲಬೇಕಾದೀತು ಎಂದು ತೋಚಲೇ ಇಲ್ಲವೇ? "ಓದಿದ್ದು ಕೇಳ್ತು. ಈಗ ಹೇಳು," ಎಂದರು ಅತ್ತೆ. ನನಗೆ ತಿಳಿದದ್ದು ಹನ್ನೆರಡು ಕುದುರೆಗಳ ಶಕ್ತಿ ಎಂಬುದೊಂದೇ. ಅದನ್ನೇ ಹೇಳಿದೆ. ಅವರು ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, ಹನ್ನೆರಡು ಕುದುರೆಯ ಗಾಡಿಯಲ್ಲಿ ಕೂರುವುದಕ್ಕೆ ಇಬ್ಬರಿಗೇ ಜಾಗವೇ, ನಮ್ಮ ಜಟಕಾದವನು ಒಂದೇ ಕುದುರೆಗೆ ಆರು ಜನರನ್ನು ತುಂಬುತ್ತಾನಲ್ಲ ಎಂದರು. ಪಕ್ಕದಲ್ಲಿದ್ದ ಚಾಮರಾಜಪೇಟೆಯ ಹೆಂಗಸರು ಹೌದೆಂದು ತಲೆಯಾಡಿಸಿದರು. ಮಗಳ ಶಾಲೆ ನನ್ನ ಕೈಯಿಂದ ಜಾರುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು.

ಕೊನೆಯಲ್ಲಿ ವಿಮಾನ. ಯುದ್ಧದ ವಿಮಾನವೆಂದರೆ ಕಬ್ಬಿಣದ್ದಿರಬೇಕೆಂದು ನಾನು ಎಣಿಸಿದ್ದೆ. ಅದು ನೋಡಿದರೆ ಬಟ್ಟೆಯದು. ಮರದ ಚೌಕಟ್ಟಿಗೆ ಬಿಗಿದ ಬಟ್ಟೆ, ನಮ್ಮ ಕಸೂತಿಯ ಚೌಕಟ್ಟಿನ ಹಾಗೆ. ಅದರ ರೆಕ್ಕೆಯ ತುಂಬ ಸಣ್ಣ ಸಣ್ಣ ಚೌಕದ ತೇಪೆಗಳು. ಬೋರ್ಡಿನಲ್ಲಿ ಆ ತೇಪೆಗಳ ವಿಷಯವೇ ಇತ್ತು, ಮತ್ತು, ದೇವರು ದೊಡ್ಡವನು, ನನಗೆ ಅರ್ಥವಾಗುವ ಇಂಗ್ಲಿಷಿನಲ್ಲಿತ್ತು. "ಅತ್ತೆ, ಇವೆಲ್ಲ ಶತ್ರುಗಳ ಗುಂಡು ಬಿದ್ದ ತೂತುಗಳು. ಪ್ರತಿ ಸಲ ಹಿಂತಿರುಗಿದ ಮೇಲೆ ತೇಪೆ ಹಾಕಿ ಮತ್ತೆ ಕಳಿಸ್ತಿದ್ರಂತೆ," ಎಂದೆ. ಅಲ್ಲದೆ, ಅಂಚು ಮಡಿಸದೆ ಹಾಕಿದ ತೇಪೆಗಳಿವು, ನಮ್ಮ ಸಿಸ್ಟರ್ ನೋಡಿದ್ದರೆ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದರು ಎಂದೂ ಸೇರಿಸಿದೆ. ಗೆದ್ದೆ ಎಂದುಕೊಂಡೆ.

ಅತ್ತೆಯವರು ಒಂದೊಂದು ತೇಪೆಯನ್ನೂ ನೋಡುತ್ತ ಹೋದರು. ಆಮೇಲೆ, "ಇಷ್ಟು ಏಟು ತಿಂದು ಬಂದಿದೆ. ಬಾಗಿಲಲ್ಲಿ ನಿಲ್ಲಿಸಿ ಯಾರೂ ಒಂದು ಆರತಿ ಎತ್ತಲಿಲ್ವೇನೇ?" ಎಂದು ಕೇಳಿದರು. ನಾನು ಮತ್ತೆ ಬೋರ್ಡಿನ ಕಡೆ ತಿರುಗುವಷ್ಟರಲ್ಲಿ ಅವರ ಸೊಂಟದಿಂದ ಕುಂಕುಮದ ಭರಣಿ ಹೊರಬಂದಿತ್ತು. ಹಿಂದಿನ ವಾರವಷ್ಟೇ ಆಯುಧಪೂಜೆಯಲ್ಲಿ ಈಳಿಗೆಮಣೆಯಿಂದ ಹಿಡಿದು ಮಾವನವರ ಕೊಡೆಯವರೆಗೆ ಕುಂಕುಮ ಇಟ್ಟ ಕೈ ಅದು. ವಿಮಾನದ ಸುತ್ತ ಕಟ್ಟಿದ್ದ ಹಗ್ಗದ ಕೆಳಗೆ ನುಸುಳಿ, ಒಂದೊಂದು ತೇಪೆಗೂ ಒಂದೊಂದು ಬೊಟ್ಟು.

ಅಲ್ಲೇ, ಹಗ್ಗದ ಪಕ್ಕದಲ್ಲೇ, ಕೆಂಪಕ್ಷರದ ಇನ್ನೊಂದು ಬೋರ್ಡಿತ್ತು. ಮುಟ್ಟಕೂಡದು ಎಂದು. ಇಡೀ ಕೊಟ್ಟಿಗೆಯಲ್ಲಿ ಅದರಷ್ಟು ಸುಲಭವಾದ ಇಂಗ್ಲಿಷು ಬೇರೊಂದಿರಲಿಲ್ಲ. ಆದರೆ ಓದುಗರೇ, ನಮ್ಮ ಮನೆಯಲ್ಲಿ "ಮುಟ್ಟಬೇಡ" ಎನ್ನುವ ಮಾತು ಅತ್ತೆಯವರ ಸ್ವಂತ ಆಸ್ತಿ. ಮಡಿಯುಟ್ಟ ಹೊತ್ತಿನಿಂದ ಊಟದ ಎಲೆ ಎತ್ತುವವರೆಗೆ ಅದನ್ನು ಅವರು ನನಗೆ, ನಮ್ಮವರಿಗೆ, ಬೆಕ್ಕಿಗೆ, ಒಣಹಾಕಿದ ಸೀರೆಯ ಕಡೆ ಬೀಸಿದ ಗಾಳಿಗೆ ಹೇಳುತ್ತಾರೆ. ಅದನ್ನೇ ನಾನು ಅವರಿಗೆ ತಿರುಗಿಸಿ ಹೇಳುವುದೇ? ಅದೂ ಪದ್ಮನ ಹಣೆಬರಹ ತೀರ್ಮಾನವಾಗುವ ದಿನ? ನಾಲಿಗೆ ಮೇಲೇಳಲಿಲ್ಲ. ನೋಡನೋಡುತ್ತ ಚಾಮರಾಜಪೇಟೆಯವರೂ ಹಗ್ಗ ದಾಟಿದರು. ಒಬ್ಬರು ಜಡೆಯ ಮಲ್ಲಿಗೆ ಬಿಚ್ಚಿ ವಿಮಾನದ ಮೂಗಿಗೆ ಸುತ್ತಿದರು. ಇನ್ನೊಬ್ಬರು ಚಪ್ಪಲಿ ಕಳಚಿ ಪ್ರದಕ್ಷಿಣೆ ಶುರುಮಾಡಿದರು. ಉಳಿದವರು, ಇಲ್ಲಿ ಇದೇ ಕ್ರಮವಿರಬೇಕೆಂದು, ಸಾಲುಗಟ್ಟಿ ಹಿಂದೆ ನಡೆದರು.

ಪರದೆಯಾಚೆ ಕೂತಿದ್ದ ಮೇಲ್ವಿಚಾರಕ ಸದ್ದು ಕೇಳಿ ಓಡಿಬಂದ. ಹೆಂಗಸರ ದಿನವಾದ್ದರಿಂದ ಕಣ್ಣೆತ್ತದೆ, ನೆಲಕ್ಕೇ ಬೈಯುತ್ತ ಬಂದ. ಎಲ್ಲರನ್ನೂ ಬಿಟ್ಟು, ಹಗ್ಗದ ಈಚೆ ಉಳಿದಿದ್ದ ನನ್ನ ಪಾದಗಳ ಮುಂದೆ ನಿಂತು, "ಏನಮ್ಮಾ, ಅಷ್ಟು ಹೊತ್ತಿಂದ ಬೋರ್ಡು ಓದ್ತಿದ್ದೋರು ನೀವೇ ಅಲ್ವಾ? ನೀವಾದ್ರೂ ಹೇಳಬಾರದಿತ್ತಾ?" ಎಂದ. ನಾನೇ ಸಿಕ್ಕಿದೆನೇ? ಕನ್ನಡ ನಾಡಿನ ಹೆಂಗಸರನ್ನು ಕರೆದು ಇಂಗ್ಲಿಷಿನಲ್ಲಿ ಮುಟ್ಟಬೇಡಿ ಎಂದು ಬರೆಸಿದವರನ್ನು ಕೇಳಬಾರದೇ? ಒಂದು ಸಾಲು ಕನ್ನಡಕ್ಕೆ ಕೆಂಪು ಬಣ್ಣ ಸಾಲಲಿಲ್ಲವೇ? ಇದೆಲ್ಲ ನನಗೆ ಹೊಳೆದದ್ದು ಜಟಕಾ ಹತ್ತಿದ ಮೇಲೆ.

ಜಟಕಾ ಬಸವನಗುಡಿಯ ಏರು ಹತ್ತುವಾಗ ಅತ್ತೆ ಕುಂಕುಮದ ಭರಣಿಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ, ಮುಟ್ಟಬೇಡಿ ಅಂತ ಅಲ್ಲಿ ಬರೆದಿತ್ತೇ ಎಂದು ಕೇಳಿದರು. ಇತ್ತು ಎಂದೆ. ಓದಿದ್ದೆಯಾ ಎಂದರು. ಓದಿದ್ದೆ ಎಂದೆ. ಪದ್ಮನ ಕಾನ್ವೆಂಟು ಅಲ್ಲಿಗೆ ಮುಗಿಯಿತೆಂದು ಕಣ್ಣಲ್ಲಿ ನೀರು ಬಂತು.

"ಓದಿಯೂ ಬಾಯಿ ಮುಚ್ಕೊಂಡಿದ್ಯಲ್ಲ," ಎಂದರು ಅತ್ತೆ, ನನ್ನ ಕೈ ತಟ್ಟಿ. "ಅಷ್ಟು ಕಲಿಸ್ತಾರೆ ಅಂದ್ರೆ ಒಳ್ಳೇ ಶಾಲೇನೇ. ಪದ್ಮನ್ನೂ ಅಲ್ಲಿಗೇ ಹಾಕಿ."

ನಾನು ಪಡೆದ ಬಹುಮಾನ, ಬಿಷಪ್ಪರ ಕಾಗದ, ಲೇಸು, ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಹೆದರಿಕೆಯಿಂದ ನಾಲಿಗೆ ಒಣಗಿದ್ದು ಮಾತ್ರ ವಿದ್ಯೆಯಾಯಿತು. ಮನೆಗೆ ಬಂದವರಿಗೆಲ್ಲ ಅತ್ತೆಯವರು ಇದನ್ನೇ ಹೇಳುತ್ತಾರೆ, ನಾನು ಕಾಫಿ ಕೊಡುತ್ತ ಕೇಳಿಸಿಕೊಳ್ಳುತ್ತೇನೆ.

ಪದ್ಮ ಶಾಲೆಗೆ ಹೋಗುತ್ತಿದ್ದಾಳೆ. ಮೊನ್ನೆ ಅವಳ ಹೊಸ ಬಣ್ಣದ ಪೆನ್ಸಿಲನ್ನು ಅತ್ತೆಯವರು ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಿದ್ದರು. ಮಗು ಸೊಂಟದ ಮೇಲೆ ಕೈಯಿಟ್ಟು, ಥೇಟು ಸಿಸ್ಟರಿನ ಧಾಟಿಯಲ್ಲಿ, "ಡೋಂಟ್ ಟಚ್," ಎಂದಿತು. ಅತ್ತೆಯವರು ನನ್ನ ಕಡೆ ತಿರುಗಿ, ಏನು ಹೇಳುತ್ತಾಳೆ ಇವಳು ಎಂದು ಕೇಳಿದರು.

ನಾನು ತೊಲೆಯನ್ನು ನೋಡುತ್ತ ನಿಂತೆ.

"ನೋಡು, ನಿಮ್ಮಮ್ಮನ್ನ ನೋಡಿ ಕಲಿ," ಎಂದರು ಅತ್ತೆಯವರು ಮೊಮ್ಮಗಳಿಗೆ.